ಹುದ್ದೆಯಿಲ್ಲದವಳು ಕೊಟ್ಟ ಎಚ್ಚರಿಕೆ

ದಾವಣಗೆರೆ,
ಜನವರಿ ೧೯೬೩

ಹತ್ತಿಯ ದರ್ಜೆ ನಿರ್ಣಯಿಸುವ ಇಲಾಖೆಯ ಮೇಲಧಿಕಾರಿಗಳಿಗೆ,

ಮಾನ್ಯರೇ,

ತಾವು ರುಜು ಹಾಕಿದ ಒಂದು ವರದಿಯಲ್ಲಿ ಒಂದು ಸುಳ್ಳು ವಾಕ್ಯವಿದೆ. ಅದನ್ನು ತೆಗೆದುಹಾಕಬೇಕೆಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಕಚೇರಿಯ ಟಪಾಲಿನಲ್ಲಿ ಕಳಿಸಿದ್ದರೆ ಇದು ಯಾವ ಕಪಾಟಿನ ಯಾವ ಕಡತದೊಳಗೆ ಹೋಗಿ ಮಲಗುತ್ತಿತ್ತೆಂದು ನನಗೆ ಗೊತ್ತು. ಹನ್ನೊಂದು ವರ್ಷಗಳಿಂದ ಅಂಥ ಕಡತಗಳಿಗೆ ದಾರ ಕಟ್ಟುತ್ತಿರುವವಳು ನಾನೇ. ಆದ್ದರಿಂದ ಪತ್ರಿಕೆಯ ಮೂಲಕ, ನಾಲ್ಕು ಜನ ಓದುವ ಹಾಗೆ, ತಮ್ಮನ್ನು ಮಾತನಾಡಿಸುತ್ತಿದ್ದೇನೆ. ಇದು ಅವಿಧೇಯತೆಯೆಂದು ತಮಗೆ ತೋರಿದರೆ ಕ್ಷಮಿಸುವ ತೊಂದರೆ ತೆಗೆದುಕೊಳ್ಳಬೇಡಿ.

ವರದಿ ಇಂಗ್ಲಿಷಿನಲ್ಲಿದೆ. ನಾನು ಹೇಳುವ ವಾಕ್ಯ ಕನ್ನಡದಲ್ಲಿ ಹೀಗಾಗುತ್ತದೆ: "೧೯೬೧ರ ಏಪ್ರಿಲ್ ಹದಿನೆಂಟರಂದು ಹರಿಹರದ ಗೋದಾಮಿನಲ್ಲಿ ಹೊತ್ತಿದ ಬೆಂಕಿಯ ಬಗ್ಗೆ ಜವಾಬ್ದಾರಿಯುತ ವ್ಯಕ್ತಿ ಯಾರೂ ಮುಂಚಿತವಾಗಿ ಎಚ್ಚರಿಕೆ ಕೊಟ್ಟಿರಲಿಲ್ಲ, ಮೃತಳಾದ ಕೂಲಿ ಹೆಂಗಸು ತನಗೆ ಅಧಿಕಾರವಿಲ್ಲದ ಸ್ಥಳಕ್ಕೆ ಅಜಾಗರೂಕತೆಯಿಂದ ಪ್ರವೇಶಿಸಿದ್ದೇ ಅವಳ ಸಾವಿಗೆ ಕಾರಣವಾಗಿದೆ."

ಆ ಕೂಲಿ ಹೆಂಗಸಿಗೆ ಒಂದು ಹೆಸರಿತ್ತು. ಹನ್ನೆರಡು ಪುಟದ ವರದಿಯಲ್ಲಿ ಸುಟ್ಟುಹೋದ ಹತ್ತಿ ಬೇಲುಗಳ ನಂಬರು ಒಂದೂ ಬಿಡದಂತೆ ಇದೆ, ಅವಳ ಹೆಸರು ಎಲ್ಲಿಯೂ ಇಲ್ಲ. ಅವಳು ಯಲ್ಲಕ್ಕ. ಹರಿಹರ ತಾಲ್ಲೂಕು ಕಡರನಾಯಕನಹಳ್ಳಿಯ ಒಕ್ಕಲು ಮನೆಯ ಮಗಳು. ಇಲ್ಲಿನ ಮಂಡಿಯಲ್ಲಿ ಮೂಟೆ ಹೊರುವ ಓಬಯ್ಯನ ಹೆಂಡತಿ. ಸತ್ತಾಗ ಅವಳಿಗೆ ಮೂವತ್ತಾರು ವರ್ಷ.

ತಮ್ಮ ಇಲಾಖೆಯ ದಾವಣಗೆರೆ ಕೇಂದ್ರದಲ್ಲಿ ಏನು ನಡೆಯುತ್ತದೆಂದು ತಮಗೆ ಹೇಳಬೇಕಾಗಿಲ್ಲ, ಆದರೆ ಓದುವವರಿಗೆ ತಿಳಿಯಲಿ. ರೈತರೂ ವರ್ತಕರೂ ತಂದ ಹತ್ತಿಯಿಂದ ಒಂದು ಹಿಡಿ ತೆಗೆದು, ಎಳೆ ಎಷ್ಟು ಉದ್ದ, ಎಷ್ಟು ಕಸ, ಎಷ್ಟು ತೇವ ಎಂದು ನೋಡಿ ದರ್ಜೆಯ ಚೀಟಿ ಕೊಡುತ್ತಾರೆ. ಆ ಚೀಟಿಯ ಮೇಲೆ ಪೇಟೆಯ ಧಾರಣೆ ನಿಂತಿದೆ. ಚೀಟಿಗೆ ರುಜು ಹಾಕುವವನು ಗ್ರೇಡರ್. ಹಿಂದಿನ ಷೆಡ್ಡಿನಲ್ಲಿ ಕೂತು ಹತ್ತಿಯ ಎಲೆ, ಸಿಪ್ಪೆ, ಒಡೆದ ಬೀಜ ಆರಿಸುವವರು ದಿನಗೂಲಿಯ ಹೆಂಗಸರು. ಯಲ್ಲಕ್ಕ ಕಾಗದದ ಪ್ರಕಾರ ಆ ಹೆಂಗಸರಲ್ಲಿ ಒಬ್ಬಳು. ಕೇಂದ್ರ ಶುರುವಾದ ೧೯೫೧ರಿಂದ ಸಾಯುವವರೆಗೆ ಹತ್ತು ವರ್ಷ ಅವಳ ಹುದ್ದೆ ಅಷ್ಟೇ.

ಕಾಗದ ಬಿಟ್ಟು ಕಣ್ಣಿನಿಂದ ನೋಡಿದರೆ ಬೇರೆಯೇ ಇತ್ತು. ಅವಳು ಒಂದು ಚಿಟಿಕೆ ಅರಳೆಯನ್ನು ಎರಡೂ ಹೆಬ್ಬೆರಳುಗಳ ನಡುವೆ ಹಿಡಿದು ಎಳೆಯುತ್ತಿದ್ದಳು, ಒಂದರ ಮೇಲೊಂದು ಇಟ್ಟು ಮತ್ತೆ ಎಳೆಯುತ್ತಿದ್ದಳು, ಮೂಗಿನ ಹತ್ತಿರ ಹಿಡಿಯುತ್ತಿದ್ದಳು. ಆಮೇಲೆ ಉದ್ದ ಹೇಳುತ್ತಿದ್ದಳು. ಅಳತೆಪಟ್ಟಿ ಇಟ್ಟು ನೋಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿರುತ್ತಿರಲಿಲ್ಲ. ಯಾವ ಊರಿನ ಎರೆಹೊಲದ ಹತ್ತಿ, ಮಳೆ ಬೀಳುವ ಮುಂಚೆ ಬಿಡಿಸಿದ್ದೋ ಆಮೇಲೋ, ತೂಕಕ್ಕೆಂದು ನೀರು ಚಿಮುಕಿಸಿದ್ದಾರೋ ಎಂಬುದನ್ನೂ ಹೇಳುತ್ತಿದ್ದಳು. ಅವಳ ಅಪ್ಪನ ಹೊಲದಲ್ಲಿ ಕಲಿತ ವಿದ್ಯೆ ಅದು. ಕೇಂದ್ರಕ್ಕೆ ಬಂದ ಮೂವರು ಗ್ರೇಡರುಗಳೂ ಕಾಲೇಜಿನಲ್ಲಿ ಪುಸ್ತಕ ಓದಿಕೊಂಡು ಬಂದರು, ಹತ್ತಿ ಓದುವುದನ್ನು ಅವಳಿಂದ ಕಲಿತರು. ಕಲಿತವರಿಗೆ ಬಡ್ತಿಯಾಯಿತು, ವರ್ಗವಾಯಿತು. ಕಲಿಸಿದವಳು ಷೆಡ್ಡಿನಲ್ಲೇ ಇದ್ದಳು.

೧೯೫೭ರಲ್ಲಿ ಸಹಾಯಕ ಗ್ರೇಡರ್ ಹುದ್ದೆಗೆ ಜಾಹೀರಾತು ಬಂತು. ಲೋಯರ್ ಸೆಕೆಂಡರಿ ಪಾಸಾಗಿರಬೇಕು, ಐದು ವರ್ಷ ಹತ್ತಿಯ ಅನುಭವವಿರಬೇಕು. ನಾನು ಅದನ್ನು ಬೋರ್ಡಿಗೆ ಅಂಟಿಸುತ್ತಿದ್ದಾಗ ಯಲ್ಲಕ್ಕ ಕೈಯಲ್ಲಿ ಪೊರಕೆ ಹಿಡಿದುಕೊಂಡೇ ಬಂದು ನಿಂತಳು.

"ಅದ್ರಾಗ ಗಂಡಸ್ರು ಅಂತ ಬರ್ದೈತೇನ್ರಿ, ಅಮ್ಮಾರೆ?"

"ಇಲ್ಲ ಯಲ್ಲಕ್ಕ. ಅಭ್ಯರ್ಥಿ ಅಂತ ಅಷ್ಟೇ ಐತೆ."

"ಅಭ್ಯರ್ಥಿ ಅಂದ್ರೆ ಯಾರು?"

"ಕೆಲ್ಸ ಕೇಳೋರು."

"ಹಂಗಾರೆ ನಾನೂ ಒಬ್ಬಾಕಿ ಅಭ್ಯರ್ಥಿ" ಎಂದಳು. ನಕ್ಕಳೆಂದುಕೊಂಡು ತಿರುಗಿ ನೋಡಿದೆ. ನಕ್ಕಿರಲಿಲ್ಲ.

ಅವಳು ಓದಿದ್ದು ನಾಲ್ಕನೆಯ ಇಯತ್ತೆ. ಆ ವರ್ಷ ಅರ್ಹರು ಸಿಗಲಿಲ್ಲವೆಂದು ಹುದ್ದೆ ಖಾಲಿ ಉಳಿಯಿತು. ಮಧ್ಯಾಹ್ನದ ಬಿಡುವಿನಲ್ಲಿ ರೊಟ್ಟಿ ಬುತ್ತಿ ಬಿಚ್ಚಿಕೊಂಡು ಕಚೇರಿಯ ಹಿಂದಿನ ಜಗುಲಿಯ ಮೇಲೆ ನಾವಿಬ್ಬರೂ ಪಾಠಕ್ಕೆ ಕೂತೆವು. ನಾನು ಎಸ್ಸೆಸ್ಸೆಲ್ಸಿ ಪಾಸು, ಬೆರಳಚ್ಚಿನ ಪರೀಕ್ಷೆಯನ್ನೂ ಮಾಡಿಕೊಂಡವಳು. ಮಂಡಿಪೇಟೆಯ ವರ್ತಕರ ಮನೆಯವಳಾದ ನಾನು ಹೊರಗೆ ದುಡಿಯಲು ಬಂದದ್ದೇ ನಮ್ಮವರಿಗೆ ಒಂದು ಮಾತಾಗಿತ್ತು, ಇನ್ನು ಕೂಲಿಯವಳ ಪಕ್ಕ ಕೂತು ಉಣ್ಣುವುದು ಕೇಳಬೇಕೆ? ಲೆಕ್ಕವನ್ನು ಯಲ್ಲಕ್ಕ ನನಗಿಂತ ಬೇಗ ಮಾಡುತ್ತಿದ್ದಳು. ಇಂಗ್ಲಿಷಿನಲ್ಲಿ ಮಾತ್ರ ಎಡವುತ್ತಿದ್ದಳು. ಮಂಡಿಯಲ್ಲಿ ಹಮಾಲರು ಓಬಯ್ಯನನ್ನು ಆಡಿಕೊಂಡರು. ಅವನು ಒಮ್ಮೆ ಕಚೇರಿಗೆ ಬಂದವನು, "ಓದ್ಲಿ ಬಿಡ್ರಿ ಅಮ್ಮಾರೆ, ನನ್ ಬೆನ್ನು ಇನ್ನೆಷ್ಟು ವರ್ಸ ಮೂಟೆ ಹೊತ್ತೀತು" ಎಂದು ಹೇಳಿ ಅವಳಿಗೊಂದು ಪೆನ್ಸಿಲ್ ಕೊಟ್ಟು ಹೋದ. ಮೊದಲ ಸಲ ಫೇಲಾದಳು. ಎರಡನೆಯ ಸಲ, ೧೯೫೯ರ ಬೇಸಿಗೆಯಲ್ಲಿ, ಹದಿನಾಲ್ಕು ವರ್ಷದ ಹುಡುಗಿಯರ ನಡುವೆ ಬೆಂಚಿನ ಮೇಲೆ ಕೂತು ಬರೆದು ಪಾಸಾದಳು. ಆ ದಿನದಿಂದ ನನ್ನನ್ನು ಅಮ್ಮಾರೆ ಅನ್ನುವುದು ಬಿಟ್ಟು ದ್ರಾಕ್ಷಾಯಣಕ್ಕ ಎಂದಳು.

ಜೂನಿನಲ್ಲಿ ಅದೇ ಹುದ್ದೆಗೆ ಮತ್ತೆ ಜಾಹೀರಾತು ಬಂತು. ಅವಳು ಅರ್ಜಿ ಹಾಕಿದಳು. ಜುಲೈಯಲ್ಲಿ ಸಂದರ್ಶನ. ಮಾನ್ಯರೇ, ಆ ದಿನ ಮೇಜಿನ ಹಿಂದೆ ಕೂತಿದ್ದವರು ತಾವೇ. ತಮಗೆ ಮರೆತಿರಬಹುದು, ನಾನು ಮೂಲೆಯಲ್ಲಿ ಕೂತು ಅಂಕಗಳನ್ನು ಬರೆದುಕೊಳ್ಳುತ್ತಿದ್ದೆ. ತಾವು ಐದು ಚಿಟಿಕೆ ಹತ್ತಿಯನ್ನು ಐದು ಕಾಗದದ ಮೇಲೆ ಇಟ್ಟಿರಿ. ಅವಳು ನಾಲ್ಕರ ಉದ್ದ, ದರ್ಜೆ ಹೇಳಿದಳು. ಐದನೆಯದನ್ನು ಮೂಸಿ, ಎಳೆದು, ಕಾಗದದ ಮೇಲೆ ಹಿಂದಿರುಗಿಸಿ, "ಇದು ಎರಡ್ನೇದೇ ಐತ್ರಿ ಸಾಹೇಬ್ರೆ. ಒಂದೀಟು ನೀರು ಮುಟ್ಸೀರಿ ಅಷ್ಟೇ" ಎಂದಳು. ತಾವು ಪಕ್ಕದವರ ಮುಖ ನೋಡಿ ಜೋರಾಗಿ ನಕ್ಕಿರಿ. ಅದು ಮೆಚ್ಚುಗೆಯ ನಗೆ ಎಂದು ನಾನು ತಿಳಿದೆ. ಅವಳೂ ಹಾಗೆಯೇ ತಿಳಿದಳು. ಅವಳಿಗೆ ನೂರಕ್ಕೆ ತೊಂಬತ್ತೆರಡು, ಎರಡನೆಯವನಿಗೆ ಅರವತ್ತೊಂದು.

ಇಪ್ಪತ್ತು ದಿನದ ಮೇಲೆ ಆದೇಶ ಬಂತು. "ಬೇಲುಗಳ ಮೇಲೆ ಹತ್ತುವುದು, ಗೋದಾಮುಗಳ ಒಳಗೆ ತಿರುಗುವುದು, ವರ್ತಕರೊಡನೆ ವಾದಿಸುವುದು ಇವೆಲ್ಲ ಅಪಾಯಕರವೂ ಸ್ತ್ರೀಯರ ಸ್ವಭಾವಕ್ಕೆ ಒಗ್ಗದ್ದೂ ಆದ ಕಾರಣ" ಹುದ್ದೆಯನ್ನು ಎರಡನೆಯವನಿಗೆ ಕೊಡಲಾಗಿತ್ತು. ಯಲ್ಲಕ್ಕನಿಗೆ ಅದನ್ನು ಓದಿ ಹೇಳಿದವಳು ನಾನೇ. ಅವಳು, "ನಾಳೆ ಹರಿಹರದ ಗೋದಾಮಿಗೆ ಹೋಗಿ ಬೇಲ್ ಹತ್ತಿ ಮಾದರಿ ತೆಗಿಬೇಕಂತಲ್ಲ, ಅದು ಯಾರಿಗೆ ಹೇಳ್ಯಾರೆ?" ಎಂದು ಕೇಳಿದಳು. ಹೇಳಿದ್ದು ಅವಳಿಗೇ. ಬೆಳಗ್ಗೆ ಹೋಗಿ ಹತ್ತಿದಳು.

ನನ್ನ ಮಂದಬುದ್ಧಿಗೆ ಇದೊಂದನ್ನು ತಾವು ಬಿಡಿಸಿ ಹೇಳಬೇಕು. ಅದೇ ಗೋದಾಮು, ಅದೇ ಬೇಲು, ಅದೇ ಸೀರೆಯುಟ್ಟ ಹೆಂಗಸು. ರುಜು ಹಾಕುವ ಅಧಿಕಾರದೊಂದಿಗೆ ಹತ್ತಿದರೆ ಅಪಾಯ, ದಿನಗೂಲಿಗೆ ಹತ್ತಿದರೆ ಅಪಾಯವಿಲ್ಲವೆ? ಸ್ತ್ರೀ ಸ್ವಭಾವ ಎನ್ನುವುದು ಸಂಬಳದ ಶ್ರೇಣಿ ಏರಿದ ಹಾಗೆ ಕೋಮಲವಾಗುತ್ತ ಹೋಗುತ್ತದೆಯೆ? ಸರ್ಕಾರದ ನೌಕರಿಯಲ್ಲಿ ಗಂಡು ಹೆಣ್ಣೆಂಬ ಭೇದ ಕೂಡದೆಂದು ನಮ್ಮ ಸಂವಿಧಾನ ಹೇಳುತ್ತದೆ ಎಂದು ನಾನು ಓದಿದ್ದೇನೆ. ತಮ್ಮ ಕಚೇರಿಗೆ ಆ ಪ್ರತಿ ಇನ್ನೂ ತಲಪಿಲ್ಲವೆಂದು ಕಾಣುತ್ತದೆ. ಹದಿಮೂರು ವರ್ಷವಾಯಿತು, ಟಪಾಲು ಇಷ್ಟು ತಡವಾಗಬಾರದು.

ಹುದ್ದೆಗೆ ಬಂದವನು ಕರಿಬಸವರಾಜ. ಇಪ್ಪತ್ತಮೂರರ ಬಿ.ಎಸ್ಸಿ. ಪದವೀಧರ, ಕೆಟ್ಟವನಲ್ಲ. ಮೂರು ತಿಂಗಳು ಯಲ್ಲಕ್ಕನ ಬಳಿ ಕೂತು ಕಲಿಯಬೇಕೆಂದು ಕೇಂದ್ರದ ಮುಖ್ಯಸ್ಥರಾದ ವಾಮದೇವಪ್ಪನವರು ಅವನಿಗೆ ಹೇಳಿದರು. ಅವನು ಹತ್ತಿರಹತ್ತಿರ ಎರಡು ವರ್ಷ ಕಲಿತ. ಅವಳು ಹೇಳುತ್ತಿದ್ದಳು, ಅವನು ಬರೆಯುತ್ತಿದ್ದ, ಕೆಳಗೆ ತನ್ನ ರುಜು ಹಾಕುತ್ತಿದ್ದ. ಒಂದು ದಿನ ಅವನೇ ಅವಳಿಗೆ, "ಯಲ್ಲಕ್ಕ, ನಂಗೆ ನಾಚ್ಕೆ ಆಗ್ತೈತೆ" ಎಂದದ್ದನ್ನು ಕೇಳಿದ್ದೇನೆ. "ನಾಚ್ಕೆ ಬ್ಯಾಡ ತಮ್ಮಾ, ಉದ್ದ ಸರ್ಯಾಗಿ ಬರಿ" ಎಂದು ಅವಳು ಕೆಲಸಕ್ಕೆ ಹಚ್ಚಿದಳು.

ಈಗ ೧೯೬೧ರ ಏಪ್ರಿಲ್ ಎಂಟನೆಯ ತಾರೀಖಿಗೆ ಬರುತ್ತೇನೆ. ಹತ್ತಿ ಒತ್ತುವ ಒಂದು ಪ್ರೆಸ್ಸಿನಿಂದ ಅರವತ್ತು ಬೇಲುಗಳು ಬಂದಿದ್ದವು. ಬೇಲೆಂದರೆ ಅರಳೆಯನ್ನು ಯಂತ್ರದಲ್ಲಿ ಒತ್ತಿ, ಗೋಣಿ ಸುತ್ತಿ, ಕಬ್ಬಿಣದ ಪಟ್ಟಿ ಬಿಗಿದ ಕಲ್ಲಿನಂಥ ಗಂಟು. ಯಲ್ಲಕ್ಕ ಒಂದೊಂದರ ಗೋಣಿ ಸೀಳಿ ಒಳಗೆ ಕೈ ಹಾಕಿ ಮಾದರಿ ತೆಗೆಯುತ್ತ ಬಂದವಳು ಒಂದರ ಹತ್ತಿರ ನಿಂತಳು. ಆ ಚಿಟಿಕೆಯನ್ನು ಎರಡು ಸಲ ಮೂಸಿದಳು. ಪಕ್ಕದ ಎರಡನ್ನೂ ನೋಡಿ ಬಂದಳು. ನಾನು ಪಟ್ಟಿ ಹಿಡಿದು ಅಲ್ಲೇ ನಿಂತಿದ್ದೆ.

"ಈ ಮೂರ್ರಾಗ ಬೆಂಕಿ ಐತೆ" ಎಂದಳು.

ನಾನು ಕೈ ಇಟ್ಟು ನೋಡಿದೆ. ತಣ್ಣಗಿತ್ತು. ಮೂಸಿದೆ. ನನಗೆ ಹತ್ತಿಯ ವಾಸನೆಯಲ್ಲದೆ ಬೇರೇನೂ ಬರಲಿಲ್ಲ.

"ಬೀಜ ಬಿಡ್ಸೋ ಜಿನ್ನಿನಾಗ ಕಲ್ಲು ಸಿಕ್ಕಿ ಕಿಡಿ ಹಾರಿರ್ತೈತೆ ಅಕ್ಕ. ಕಿಡಿ ಹತ್ತಿಯೊಳಗ ಸೇರ್ಕಂಡು ಪ್ರೆಸ್ಸಿಗೆ ಬಂದೈತೆ. ಗಾಳಿ ಸಿಗಲ್ಲ, ಅದಕ್ಕೆ ಒಳಗೇ ಕೂತೈತೆ. ವಾರ ಇರ್ಬೋದು, ಎರಡು ವಾರ ಇರ್ಬೋದು. ಪಟ್ಟಿ ಸಡ್ಲಾತು ಅಂದ್ರೆ ಮುಗೀತು. ಇವನ್ನ ಬಯಲಾಗ ಇಡ್ಬೇಕು, ಗೋದಾಮಿಗೆ ಹಾಕ್ಬಾರ್ದು."

ಕರಿಬಸವರಾಜನೂ ಮೂಸಿದ. ಅವನಿಗೂ ಸಂಶಯ ಬಂತು. ಮೂವರೂ ವಾಮದೇವಪ್ಪನವರ ಬಳಿ ಹೋದೆವು. ಅವರು ಮೊದಲು ಕೇಳಿದ್ದು, "ನೀನು ರುಜು ಹಾಕ್ತೀಯೇನಪ್ಪಾ, ಬೆಂಕಿ ಐತೆ ಅಂತ? ನಿನ್ನ ಮೂಗಿಗೆ ಬಂತಾ?" ಕರಿಬಸವರಾಜ ತಡವರಿಸಿ, "ಸಾರ್, ಯಲ್ಲಕ್ಕ ಹೇಳ್ತಾಳೆ" ಎಂದ.

"ಕೂಲಿಯವಳು ಮೂಸಿ ನೋಡಿದ್ಲು ಅಂತ ಬರ್ಯಾಕೆ ನಮೂನೆಯೊಳಗೆ ಜಾಗ ಎಲ್ಲೈತೆ? ನಾಳೆ ಹರಿಹರಕ್ಕೆ ಹೋಗ್ಬೇಕು ಆ ಸರಕು. ವ್ಯಾಗನ್ ಬುಕ್ ಆಗೈತೆ, ವರ್ತಕರು ನನ್ನ ಕೊರಳಿಗೆ ಕೂತಾರೆ."

ಅವರು ಹೇಳಿದ್ದು ನಿಜ. ನಮೂನೆಯಲ್ಲಿ "ಪರೀಕ್ಷಿಸಿದ ಅಧಿಕಾರಿಯ ಹೆಸರು ಮತ್ತು ಹುದ್ದೆ" ಎಂದಿದೆ. ಯಲ್ಲಕ್ಕನಿಗೆ ಹೆಸರಿತ್ತು, ಹುದ್ದೆ ಇರಲಿಲ್ಲ. ಹುದ್ದೆ ಇಲ್ಲದವರಿಗೆ ತಮ್ಮ ಇಲಾಖೆಯಲ್ಲಿ ವಾಸನೆಯೂ ಬರುವಂತಿಲ್ಲ.

ಆದರೂ ಅವಳು ಬಿಡಲಿಲ್ಲ. "ದ್ರಾಕ್ಷಾಯಣಕ್ಕ, ನಾನು ಹೇಳ್ತೀನಿ, ನೀವು ಅಚ್ಚು ಹಾಕ್ರಿ" ಎಂದಳು. ಅವಳು ಹೇಳಿದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಟೈಪು ಮಾಡಿದೆ. ಮೂರು ಬೇಲುಗಳ ನಂಬರು, ಕಾರಣ, ಹದಿನೈದು ದಿನ ಬಯಲಿನಲ್ಲಿ ಬೇರೆ ಇಡಬೇಕೆಂಬ ಸಲಹೆ, ತಾರೀಖು. ಕೆಳಗೆ ಅವಳು ಕನ್ನಡದಲ್ಲಿ, ಒತ್ತಕ್ಷರ ಎಲ್ಲಿಯೂ ತಪ್ಪದಂತೆ, ಯಲ್ಲಕ್ಕ ಎಂದು ರುಜು ಹಾಕಿದಳು. ವಾಮದೇವಪ್ಪನವರು ಓದಿ, ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು. "ಇದು ಅರ್ಜಿಯೋ ವರದಿಯೋ? ವರದಿ ಕೊಡೋರಿಗೆ ಅಧಿಕಾರ ಇರ್ಬೇಕಮ್ಮ" ಎಂದರು. ಅವರಿಗೆ ಸಿಟ್ಟು ಬಂದಿರಲಿಲ್ಲ. ಊಟದ ಹೊತ್ತಾಗಿತ್ತು, ಅಷ್ಟೇ.

ಅರವತ್ತು ಬೇಲುಗಳೂ ಮರುದಿನ ಹರಿಹರಕ್ಕೆ ಹೋದವು. ವ್ಯಾಗನ್ ಬರುವುದು ತಡವಾಗಿ ರೈಲ್ವೆ ನಿಲ್ದಾಣದ ಹತ್ತಿರದ ಗೋದಾಮಿನಲ್ಲಿ ಕೂತವು. ಹದಿನೆಂಟರಂದು ಬೇರೆ ಸರಕಿನ ಮಾದರಿ ತೆಗೆಯಲು ಅದೇ ಗೋದಾಮಿಗೆ ಯಲ್ಲಕ್ಕನನ್ನೂ ಗೋಣಿ ಹೊಲಿಯುವ ಐವರು ಹೆಂಗಸರನ್ನೂ ಕಳಿಸಿದರು. ಮುಂದಿನದನ್ನು ನನಗೆ ಹೇಳಿದವಳು ಆ ಐವರಲ್ಲಿ ಒಬ್ಬಳಾದ ಪುಟ್ಟಕ್ಕ. ತಾವು ವಿಚಾರಣೆಗೆ ಬಂದಾಗ ಪುಟ್ಟಕ್ಕನನ್ನು ಕರೆಯಲಿಲ್ಲ, ಆದ್ದರಿಂದ ಇಲ್ಲಿ ಕೇಳಿ.

ಬೆಳಗಿನ ಹನ್ನೊಂದು ಗಂಟೆ. ಹಮಾಲರು ಆ ಅರವತ್ತು ಬೇಲುಗಳನ್ನು ಸರಿಸುವಾಗ ಒಂದರ ಪಟ್ಟಿ ಕಿತ್ತು ಬಂತು. ಯಲ್ಲಕ್ಕ ಬಾಗಿಲ ಹತ್ತಿರವಿದ್ದಳು. ಶಬ್ದ ಕೇಳಿ ತಿರುಗಿದವಳೇ, "ಎಲ್ರೂ ಹೊರಗ ಓಡ್ರಿ, ಏನೂ ತಗಾಬ್ಯಾಡ್ರಿ" ಎಂದು ಕೂಗಿದಳು. ಆಗಿನ್ನೂ ಹೊಗೆ ಕೂಡ ಕಾಣಿಸಿರಲಿಲ್ಲವಂತೆ. ಹಮಾಲರು ನಕ್ಕರಂತೆ. ಅವರ ನಗು ಮುಗಿಯುವುದರೊಳಗೆ ಬೇಲು ಬಾಯಿಬಿಟ್ಟಿತು. ಹತ್ತಿಯ ಬೆಂಕಿ ಏರುವುದಿಲ್ಲ, ಹಾರುತ್ತದೆ. ನಾಲ್ವರು ಹೆಂಗಸರು, ಹಮಾಲರೆಲ್ಲ ಹೊರಗೆ ಬಂದರು. ಪುಟ್ಟಕ್ಕ ಹಿಂದಿನ ಸಾಲಿನಲ್ಲಿ ಹೊಲಿಯುತ್ತಿದ್ದವಳು ಹೊಗೆಯಲ್ಲಿ ದಿಕ್ಕು ತಪ್ಪಿದಳು. ಯಲ್ಲಕ್ಕ ಬಾಗಿಲಲ್ಲಿ ನಿಂತು ಎಣಿಸಿದಳು. ಸೆರಗನ್ನು ಮುಖಕ್ಕೆ ಸುತ್ತಿಕೊಂಡು ಒಳಗೆ ಹೋದಳು.

"ನನ್ ರಟ್ಟೆ ಹಿಡ್ದು ತಳ್ಳಿದ್ಲು ತಾಯಿ" ಎಂದಳು ಪುಟ್ಟಕ್ಕ. "ಗ್ವಾಡೆ ಮುಟ್ಕೊಂತ ನಡಿ, ಬಲಕ್ಕೆ ಬಾಗ್ಲು ಐತೆ ಅಂದ್ಲು. ನಾನು ನಡ್ದೆ. ಹಿಂದೇ ಬರ್ತಾಳೆ ಅನ್ಕಂಡಿದ್ದೆ. ಬಾಗ್ಲಾಗ ತಿರುಗಿ ನೋಡಿದ್ರೆ ಆಕಿ ಇಲ್ಲ. ಮ್ಯಾಲಿನ ಸಾಲು ಬಿದ್ದಿತ್ತು."

ಇದು ತಮ್ಮ ವರದಿಯ "ಅಧಿಕಾರವಿಲ್ಲದ ಸ್ಥಳಕ್ಕೆ ಅಜಾಗರೂಕ ಪ್ರವೇಶ".

ಹಮಾಲರು ನೀರಲ್ಲಿ ನೆನೆಸಿದ ಗೋಣಿ ಹೊದ್ದು ಹೋಗಿ ಅವಳನ್ನು ಎಳೆದು ತಂದರು. ಸಂಜೆ ನಾನು ಆಸ್ಪತ್ರೆಗೆ ಹೋದಾಗ ಅವಳಿಗೆ ಪ್ರಜ್ಞೆ ಇತ್ತು. ಓಬಯ್ಯ ಕಾಲ ದೆಸೆಯಲ್ಲಿ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಅವಳ ಕೈಗಳನ್ನು ಬಟ್ಟೆಯಲ್ಲಿ ಸುತ್ತಿದ್ದರು. ನನ್ನನ್ನು ಗುರುತಿಸಿ, "ಆ ಚೀಟಿದು ಇನ್ನೊಂದು ಪ್ರತಿ ಐತಲ್ಲ?" ಎಂದು ಕೇಳಿದಳು.

ಇತ್ತು. ನಾನು ಯಾವುದನ್ನು ಟೈಪು ಮಾಡಿದರೂ ಕಾರ್ಬನ್ ಇಟ್ಟೇ ಮಾಡುತ್ತೇನೆ, ಅದು ನನ್ನ ಕೈಗೆ ಕೂತ ಅಭ್ಯಾಸ. ಅವಳು ಎರಡೂ ಪ್ರತಿಗೆ ರುಜು ಹಾಕಿದ್ದಳು. ಒಂದನ್ನು ಮಾತ್ರ ವಾಮದೇವಪ್ಪನವರು ಹರಿದಿದ್ದರು.

"ಐತೆ ಯಲ್ಲಕ್ಕ" ಎಂದೆ.

"ಜ್ವಾಪಾನ" ಎಂದಳು. ಮರುದಿನ ಮಧ್ಯಾಹ್ನದ ಒಳಗೆ ಹೋಗಿಬಿಟ್ಟಳು.

ಮಾನ್ಯರೇ, ಇಲ್ಲಿಯವರೆಗೆ ತಮ್ಮ ಮೇಲೆ ಹೇಳಿದೆ. ಈಗ ನನ್ನ ಮೇಲೆ ಹೇಳಬೇಕಾದ್ದಿದೆ, ಇಲ್ಲದಿದ್ದರೆ ಈ ಪತ್ರಕ್ಕೆ ಬೆಲೆಯಿಲ್ಲ.

ಜೂನಿನಲ್ಲಿ ತಾವು ವಿಚಾರಣೆಗೆ ಬಂದಿರಿ. ನಾನು ತಮ್ಮ ಎಡಗಡೆ ಯಂತ್ರದ ಮುಂದೆ ಕೂತಿದ್ದೆ. "ಯಾರಾದರೂ ಲಿಖಿತವಾಗಿ ಎಚ್ಚರಿಸಿದ್ದರೇನು?" ಎಂದು ತಾವು ಕೇಳಿದಿರಿ. ವಾಮದೇವಪ್ಪನವರು "ಇಲ್ಲ ಸಾರ್" ಎಂದರು. ಕರಿಬಸವರಾಜ ತಲೆ ತಗ್ಗಿಸಿದ. ಕಾರ್ಬನ್ ಪ್ರತಿ ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ, ನನ್ನದೇ ಮೇಜಿನ ಖಾನೆಯೊಳಗಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ಬೆರಳಚ್ಚುಗಾರ್ತಿಯನ್ನು ಯಾರು ಕೇಳುತ್ತಾರೆ? ಆದರೆ ಕೇಳದಿದ್ದರೂ ಹೇಳಬಹುದಿತ್ತು. ನಾನು "ಇಲ್ಲ" ಎಂಬುದನ್ನು ಟೈಪು ಮಾಡಿದೆ. ಆಮೇಲೆ ತಾವು ಬರೆಸಿದ ಆ ವಾಕ್ಯವನ್ನೂ ಟೈಪು ಮಾಡಿದೆ. "ಅಜಾಗರೂಕತೆ" ಎಂಬುದರ ಇಂಗ್ಲಿಷ್ ಪದದಲ್ಲಿ ಒಂದು ಅಕ್ಷರ ತಪ್ಪಿತ್ತು. ರಬ್ಬರಿನಿಂದ ಉಜ್ಜಿ ತೆಗೆದು ಸರಿಯಾದದ್ದನ್ನು ಹೊಡೆದೆ. ಕಾಗುಣಿತ ತಪ್ಪಬಾರದೆಂಬ ಕಾಳಜಿ ಇತ್ತು ನನಗೆ.

ಯಾಕೆ ಸುಮ್ಮನಿದ್ದೆ? ಆಗ ನಾನು ಒಂಬತ್ತು ವರ್ಷದಿಂದ ತಾತ್ಕಾಲಿಕ ನೌಕರಳು. ಪ್ರತಿ ಆರು ತಿಂಗಳಿಗೊಮ್ಮೆ ನನ್ನನ್ನು ಒಂದು ದಿನ ಮನೆಗೆ ಕಳಿಸಿ, ಮರುದಿನ ಹೊಸದಾಗಿ ತೆಗೆದುಕೊಳ್ಳುತ್ತಿದ್ದರು. ನನ್ನ ಜೊತೆಗೆ ಬಂದ ಗಂಡಸರಲ್ಲಿ ಒಬ್ಬ ಹೆಡ್ ಕ್ಲಾರ್ಕ್ ಆಗಿದ್ದ, ಇನ್ನೊಬ್ಬ ಮೇಲ್ವಿಚಾರಕ. "ಮದುವೆಯಾಗಿ ಹೋಗಿಬಿಡ್ತಾಳೆ, ಖಾಯಂ ಮಾಡಿ ಏನು ಫಲ" ಎಂದು ನನ್ನ ಕಡತದಲ್ಲಿ ಮೊದಲ ವರ್ಷ ಯಾರೋ ಬರೆದಿದ್ದರು. ನಾನು ಮದುವೆಯಾಗಲಿಲ್ಲ. ಟಿಪ್ಪಣಿ ಮಾತ್ರ ಅಲ್ಲೇ ಉಳಿಯಿತು. ಹೀಗೆ ಒಂಬತ್ತು ವರ್ಷ ಹೆದರಿಸಿ ಇಟ್ಟವರಿಗೆ ಹತ್ತನೆಯ ವರ್ಷ ಬಾಯಿ ಮುಚ್ಚಿಸುವ ಕಷ್ಟ ಇರುವುದಿಲ್ಲ. ವರದಿ ಸಲ್ಲಿಕೆಯಾದ ಎರಡು ತಿಂಗಳಿಗೆ, ಅಕ್ಟೋಬರಿನಲ್ಲಿ, ನನ್ನನ್ನು ಖಾಯಂ ಮಾಡಿದ ಆದೇಶ ಬಂತು. ಕೆಳಗೆ ತಮ್ಮ ರುಜು. ಇದಕ್ಕೂ ಅದಕ್ಕೂ ಸಂಬಂಧವಿದೆಯೆ ಎಂದು ನಾನು ಕೇಳಲಿಲ್ಲ. ತಾವೂ ಹೇಳಲಿಲ್ಲ. ಮನೆಯಲ್ಲಿ ಶ್ಯಾವಿಗೆ ಪಾಯಸ ಮಾಡಿದರು. ನನಗೆ ಅದರಲ್ಲಿ ಸುಟ್ಟ ಬಟ್ಟೆಯ ವಾಸನೆ ಬಂತು. ಆ ದಿನ ಬೇಲಿನ ಹತ್ತಿರ ಮೂಸಿದಾಗ ಬಾರದ ವಾಸನೆ ಆರು ತಿಂಗಳ ಮೇಲೆ ನನ್ನ ಮೂಗಿಗೆ ಸಿಕ್ಕಿತು, ಆಮೇಲೆ ಬಿಟ್ಟು ಹೋಗಲಿಲ್ಲ.

ಹತ್ತಿ ಆರಿಸುವವರ ಹಾಜರಿ ಪಟ್ಟಿಯನ್ನು ಪ್ರತಿ ತಿಂಗಳು ನಾನು ಟೈಪು ಮಾಡುತ್ತೇನೆ. ಅವಳು ಸತ್ತ ಮೇಲೆ ಮೂರು ಸಲ ಅವಳ ಹೆಸರನ್ನೂ ಟೈಪು ಮಾಡಿಬಿಟ್ಟಿದ್ದೇನೆ. ಕೈ ತಾನಾಗಿ ಹೋಗುತ್ತದೆ. ಅಳಿಸಿದರೆ ಕಾಗದ ತೆಳುವಾಗುತ್ತದೆಯೇ ಹೊರತು ಅಕ್ಷರದ ಗುರುತು ಹೋಗುವುದಿಲ್ಲ. ಷೆಡ್ಡಿನಲ್ಲಿ ಅವಳು ಕೂರುತ್ತಿದ್ದ ಜಾಗದಲ್ಲಿ ಯಾರೂ ಕೂರುವುದಿಲ್ಲ. ಪುಟ್ಟಕ್ಕ ಅನುಮಾನ ಬಂದ ಹತ್ತಿಯನ್ನು ಹಿಡಿದು ಇವತ್ತಿಗೂ ಆ ಕಡೆಗೆ ಕೈ ಚಾಚುತ್ತಾಳೆ, ಆಮೇಲೆ ಕೈ ಹಿಂದಕ್ಕೆಳೆದುಕೊಂಡು ನನ್ನ ಕಿಟಕಿಯ ಕಡೆ ನೋಡುತ್ತಾಳೆ. ನಾನು ಯಂತ್ರದ ಮೇಲೆ ತಲೆ ಬಗ್ಗಿಸುತ್ತೇನೆ. ಕರಿಬಸವರಾಜ ಕೆಲಸ ಬಿಟ್ಟು ಊರಿಗೆ ಹೋದ. ಹೋಗುವ ದಿನ, "ಅಕ್ಕಾರೆ, ನಾನು ಹೇಳ್ಬೇಕಿತ್ತು" ಎಂದ. "ನಾನೂ ಹೇಳ್ಬೇಕಿತ್ತು" ಎಂದೆ. ಅಷ್ಟು ಹೊತ್ತಿಗೆ ಕೇಳುವವರು ಯಾರೂ ಇರಲಿಲ್ಲ.

ಇಷ್ಟು ದಿನ ಸುಮ್ಮನಿದ್ದು ಈಗೇಕೆ ಎಂದು ತಾವು ಕೇಳಬಹುದು. ಹೋದ ವಾರ ಯಲ್ಲಕ್ಕನ ಮಗಳು ಉಚ್ಚೆಂಗೆಮ್ಮ ಕಚೇರಿಗೆ ಬಂದಿದ್ದಳು. ಹದಿನೈದು ವರ್ಷ. ಮುನಿಸಿಪಲ್ ಹೈಸ್ಕೂಲಿನಲ್ಲಿ ಓದುತ್ತಾಳೆ. ಅವಳ ಜೊತೆಯ ಹುಡುಗಿಯೊಬ್ಬಳು, ಯಾವುದೋ ವರ್ತಕರ ಮಗಳು, "ನಿಮ್ಮವ್ವ ಬೀಡಿ ಸೇದಿ ಬೆಂಕಿ ಹಚ್ಚಿದ್ಲಂತೆ, ಸರ್ಕಾರದ ಕಾಗದದಾಗ ಬರ್ದೈತಂತೆ" ಎಂದಳಂತೆ. ತಮ್ಮ ಒಂದು ಸುಳ್ಳು ಊರಿನಲ್ಲಿ ಒಂದೂವರೆ ವರ್ಷ ತಿರುಗಿ ಎಷ್ಟು ದಪ್ಪಗಾಗಿದೆ ನೋಡಿ. ಹುಡುಗಿ ಅಳಲಿಲ್ಲ. ಅವ್ವನ ಹಾಗೆಯೇ ನೆಟ್ಟಗೆ ನಿಂತು ಕೇಳಿದಳು.

"ಹಂಗೆ ಬರ್ದೈತೇನ್ರಿ?"

"ಬೀಡಿ ಅಂತ ಬರ್ದಿಲ್ಲವ್ವ."

"ಮತ್ತೇನು ಬರ್ದೈತೆ?"

"ಅದು ಇಂಗ್ಲಿಷಿನಾಗ ಐತೆ" ಎಂದೆ. ಇದಕ್ಕಿಂತ ಹೇಡಿಯ ಉತ್ತರವನ್ನು ನಾನು ಜನ್ಮದಲ್ಲಿ ಕೊಟ್ಟಿಲ್ಲ.

"ನಂಗೆ ಅಷ್ಟು ಇಂಗ್ಲಿಷು ಬರಲ್ರಿ. ನೀವು ಕನ್ನಡದಾಗ ಬರ್ಕೊಡ್ರಿ. ನಮ್ಮಪ್ಪಗೂ ಓದಿ ಹೇಳ್ತೀನಿ. ನಮ್ಮವ್ವಗೆ ಓದು ಕಲ್ಸಿದೋರು ನೀವೇ ಅಂತಲ್ಲ, ನಿಮ್ಮನ್ನೇ ಕೇಳು ಅಂತ ಅಪ್ಪ ಹೇಳ್ಯಾನೆ."

ಕಾಗದ ತೆಗೆದುಕೊಂಡೆ. ಪೆನ್ನು ತೆಗೆದುಕೊಂಡೆ. "ಮೃತಳಾದ ಕೂಲಿ ಹೆಂಗಸು" ಎನ್ನುವವರೆಗೆ ಬರೆದೆ. ಮುಂದಕ್ಕೆ ಕೈ ಏಳಲಿಲ್ಲ. ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೊಡೆಯುವಾಗ ಅದು ಬರೀ ಅಕ್ಷರವಾಗಿತ್ತು. ಅವಳ ಮಗಳ ಎದುರು ಕೂತು ಅವಳ ಮಾತಿನಲ್ಲಿ ಬರೆಯಹೊರಟಾಗ ಅದು ನಾನು ಅವಳಿಗೆ ಮಾಡಿದ ಕೆಲಸವಾಯಿತು. ಹಾಳೆ ಮಡಿಸಿಟ್ಟು, "ಇವತ್ತು ಆಗಲ್ಲವ್ವ, ಮುಂದಿನ ತಿಂಗ್ಳು ಮೊದಲ್ನೇ ಸೋಮವಾರ ಬಾ" ಎಂದೆ. ಅವಳು "ಆತ್ರಿ" ಎಂದು ಹೋದಳು. ಷೆಡ್ಡಿನ ಮುಂದೆ ಹೋಗುವಾಗ ಒಳಗಿನ ಹೆಂಗಸರೆಲ್ಲ ಎದ್ದು ನಿಂತರು.

ಆದ್ದರಿಂದ ನನ್ನ ಬೇಡಿಕೆ ಕೇಳಿ. ನಾನು ದಯೆ ಕೇಳುತ್ತಿಲ್ಲ. ತಮ್ಮ ವರದಿಯಿಂದ ಆ ವಾಕ್ಯವನ್ನು ಹೊಡೆದುಹಾಕಿ. ಅದರ ಜಾಗದಲ್ಲಿ, ೧೯೬೧ರ ಏಪ್ರಿಲ್ ಎಂಟರಂದು ಈ ಕೇಂದ್ರದ ಹತ್ತಿ ಪರೀಕ್ಷಕಿ ಯಲ್ಲಕ್ಕನವರು ಮೂರು ಬೇಲುಗಳ ನಂಬರು ಸಹಿತ ಲಿಖಿತ ಎಚ್ಚರಿಕೆ ಕೊಟ್ಟಿದ್ದರೆಂದೂ, ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲವೆಂದೂ, ಅವರು ಇನ್ನೊಬ್ಬರ ಜೀವ ಉಳಿಸಲು ಹೋಗಿ ತೀರಿಕೊಂಡರೆಂದೂ ಬರೆಯಿರಿ. ಪರೀಕ್ಷಕಿ ಎಂಬ ಹುದ್ದೆಯೇ ಇಲ್ಲ ಎನ್ನುವಿರೇನೋ. ಹತ್ತು ವರ್ಷ ಆ ಕೆಲಸವನ್ನು ಅವಳಿಂದ ಮಾಡಿಸಿಕೊಂಡಿದ್ದೀರಿ, ಹೆಸರನ್ನು ಈಗಲಾದರೂ ಕೊಡಿ. ಕರಿಬಸವರಾಜ ಬಿಟ್ಟು ಹೋದ ಹುದ್ದೆ ಒಂದು ವರ್ಷದಿಂದ ಖಾಲಿ ಇದೆ. ಜಾಹೀರಾತು ಕೊಡುವಾಗ ಹೆಂಗಸರೂ ಅರ್ಜಿ ಹಾಕಬಹುದೆಂದು ಒಂದು ಸಾಲು ಸೇರಿಸಿ, ಹಾಕಿದವರಿಗೆ ಅಂಕ ಹೆಚ್ಚು ಬಂದರೆ ಹುದ್ದೆ ಕೊಡಿ. ಷೆಡ್ಡಿನಲ್ಲಿ ಈಗ ಇಬ್ಬರು ಲೋಯರ್ ಸೆಕೆಂಡರಿಗೆ ಓದುತ್ತಿದ್ದಾರೆ. ಬಿಡುವಿನಲ್ಲಿ ಪಾಠ ಹೇಳುತ್ತಿರುವವಳು ನಾನೇ. ಒಬ್ಬಳು ಪುಟ್ಟಕ್ಕ.

ಕಾರ್ಬನ್ ಪ್ರತಿಯನ್ನು ಈ ಪತ್ರದ ಜೊತೆಗೆ ಪತ್ರಿಕೆಯ ಕಚೇರಿಗೆ ಒಪ್ಪಿಸಿದ್ದೇನೆ. ಯಾರು ಬೇಕಾದರೂ ಹೋಗಿ ರುಜು ನೋಡಬಹುದು.

ಫೆಬ್ರವರಿ ನಾಲ್ಕು, ಸೋಮವಾರ. ಹುಡುಗಿ ಶಾಲೆ ಬಿಟ್ಟ ಮೇಲೆ ಬರುತ್ತಾಳೆ. ಆ ದಿನ ಅವಳ ಮುಂದೆ ಯಾವುದಾದರೂ ಒಂದು ವಾಕ್ಯವನ್ನು ನಾನು ಕನ್ನಡಕ್ಕೆ ತರಲೇಬೇಕು. ಯಾವ ವಾಕ್ಯ ಎಂಬುದನ್ನು ಅಷ್ಟರೊಳಗೆ ತಿಳಿಸಿ.

ಇಂತಿ,
ಕೇಳದಿದ್ದಾಗ ಹೇಳದೆ, ಈಗ ತಡವಾಗಿ ಹೇಳುತ್ತಿರುವ
ದ್ರಾಕ್ಷಾಯಣಮ್ಮ
ಖಾಯಂ ಬೆರಳಚ್ಚುಗಾರ್ತಿ
(ಈ ಪತ್ರ ತಮ್ಮ ಮೇಜು ತಲಪುವವರೆಗೆ)